ಗಂಟುನೋವು ಯಾರಿಗೆಲ್ಲ ಉಂಟು?

ಇದೆಲ್ಲ ನಡೆದದ್ದು ಕಳೆದ ವರ್ಷ, ಜನವರಿಯಿಂದ ಮಾರ್ಚ್ ತಿಂಗಳ ನಡುವೆ. ರೋಗದ ಲೆಕ್ಕ ಹಾಕಲು ಹೊರಟವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ ಎಂದು ಆಮೇಲೆ ಹಿರಿಯರು ಹೇಳಿದರು. ಮೊದಲೇ ಹೇಳಿದ್ದರೆ ಒಳ್ಳೆಯದಿತ್ತು.

ನಾನು ಬಿ.ಎಸ್ಸಿ. ಮುಗಿಸಿ ಪುತ್ತೂರಿನ ಒಂದು ಸಣ್ಣ ಸೇವಾಸಂಸ್ಥೆಗೆ ಸೇರಿದ್ದೆ. ಕೆಲಸ ಸುಲಭದ್ದು ಎಂದಿದ್ದರು. ಪುತ್ತೂರು, ಸುಳ್ಯ, ಕಡಬದ ಕೆಲವು ಊರುಗಳಲ್ಲಿ ಮನೆ ಮನೆಗೆ ಹೋಗಬೇಕು. ಹಳೆಯ ಗಂಟುನೋವು ಎಷ್ಟು ಜನರಿಗಿದೆ, ರಕ್ತದೊತ್ತಡ ಮತ್ತು ಕಾಲಿನ ರಕ್ತನಾಳದ ತೊಂದರೆ ಎಷ್ಟು ಜನರಿಗಿದೆ ಎಂದು ಅಂದಾಜು ಮಾಡಬೇಕು. ಅಂದಾಜು ನಂಬುವ ಹಾಗಿದ್ದರೆ ಮಂಗಳೂರಿನ ಸಂಧಿವಾತ ತಜ್ಞರೊಬ್ಬರು ವಾರಕ್ಕೊಮ್ಮೆ ಕಡಬಕ್ಕೆ ಬರುವ ವ್ಯವಸ್ಥೆ ಆಗುತ್ತದೆ. ಇಲ್ಲದಿದ್ದರೆ ಇಲ್ಲ.

ಜೊತೆಗೆ ಒಬ್ಬರು ನಿವೃತ್ತ ನರ್ಸ್ ಇದ್ದರು. ಎಲ್ಲರೂ ಕರೆಯುವ ಹಾಗೆ ನಾನೂ ನರ್ಸಕ್ಕ ಎನ್ನುತ್ತಿದ್ದೆ. ಕಡಬದ ಕಡೆಯವರು. ತುಳು, ಅರೆಭಾಷೆ, ಬ್ಯಾರಿ ಎಲ್ಲ ಬರುತ್ತದೆ. ಪ್ರಶ್ನೆ ಕೇಳುವುದು ನಾನು, ಬೀಪಿ ನೋಡುವುದು ಅವರು. ತಜ್ಞರು ಕಡಬಕ್ಕೆ ಬರಲಿ ಎಂಬ ಆಸೆ ಅವರಿಗೆ ಬಹಳ. ಅವರ ಅಮ್ಮನಿಗೆ ಸಂಧಿವಾತ; ಬೆರಳುಗಳು ಮಡಚುವುದಿಲ್ಲ. ತಿಂಗಳಿಗೊಮ್ಮೆ ಮಂಗಳೂರಿನ ಬಸ್ಸಿನಲ್ಲಿ ಕಂಬಿ ಹಿಡಿಯಲಾಗದೆ ಮಗಳ ಕುತ್ತಿಗೆಗೆ ಕೈ ಹಾಕಿ ನಿಲ್ಲುತ್ತಾರೆ.

"ಸರಿಯಾಗಿ ಕೇಳು ಮಾರಾಯ" ಎಂದು ಮೊದಲ ದಿನವೇ ಹೇಳಿದ್ದರು. "ಹೆಚ್ಚೂ ಬೇಡ, ಕಡಿಮೆಯೂ ಬೇಡ." ಸ್ವಲ್ಪ ಹೊತ್ತು ಬಿಟ್ಟು, "ಸ್ವಲ್ಪ ಹೆಚ್ಚಾದ್ರೆ ಎಂತ ಇಲ್ಲ" ಎಂದೂ ಹೇಳಿದರು.

ಗೌರಿಯ ಕಾಲು

ಕೊಯಿಲದಲ್ಲಿ ಒಂದು ಮನೆ. ನರ್ಸಕ್ಕ ಒಳಗೆ ಹೆಂಗಸರ ಬೀಪಿ ನೋಡುತ್ತಿದ್ದರು. ನಾನು ಜಗಲಿಯಲ್ಲಿ ಯಜಮಾನರ ಹತ್ತಿರ ಕೂತೆ.

"ಮನೆಯಲ್ಲಿ ಗಂಟುನೋವು ಉಂಟಾ?"

"ಉಂಟು ಮಾರಾಯ್ರೆ, ಗೌರಿಗೆ. ನೀವು ಬಂದದ್ದು ಒಳ್ಳೆದಾಯ್ತು. ನಾನೇ ಫೋನ್ ಮಾಡ್ಬೇಕೂಂತ ಇದ್ದೆ."

"ಎಷ್ಟು ವಯಸ್ಸು?"

"ಏಳು."

ನನ್ನ ಪೆನ್ನು ನಿಂತಿತು. "ನೋವು ಬೆಳಿಗ್ಗೆ ಹೆಚ್ಚಾ, ಸಂಜೆ ಹೆಚ್ಚಾ?"

"ಬೆಳಿಗ್ಗೆ. ಏಳುದೇ ಇಲ್ಲ. ಎಬ್ಬಿಸಿದ್ರೆ ಕೋಲಿನ ಹಾಗೆ ಎರಡು ಹೆಜ್ಜೆ ಹಾಕ್ತಾಳೆ. ಆಮೇಲೆ ನಡೆದ ಹಾಗೆ ಸರಿಯಾಗ್ತದೆ."

ಸಂಧಿವಾತದ ಬಗ್ಗೆ ನಮಗೆ ಕೊಟ್ಟ ತರಬೇತಿಯಲ್ಲಿ ಇದೇ ಮಾತು ಇತ್ತು. ಬೆಳಗಿನ ಬಿಗಿತ, ನಡೆದರೆ ಕಡಿಮೆ.

"ಬಾವು ಉಂಟಾ?"

"ಎರಡೂ ಗಂಟಿಗೆ ಉಂಟು. ಮುಟ್ಲಿಕ್ಕೆ ಬಿಡುದಿಲ್ಲ. ಮೊನ್ನೆ ನನ್ನ ಹೆಂಡತಿಗೆ ಒದ್ದಳು."

ಸಣ್ಣ ಮಗು, ನೋವಿನಲ್ಲಿ ಒದ್ದಿರಬೇಕು ಎಂದುಕೊಂಡೆ. ಅಂಗಳದ ಮೂಲೆಗೆ ಹೋಗಿ ನಮ್ಮ ಸಂಸ್ಥೆಯ ಡಾಕ್ಟ್ರಿಗೆ ಫೋನು ಮಾಡಿದೆ. ಏಳು ವರ್ಷದವಳಿಗೆ ಸಂಧಿವಾತ ಎಂದಾಗ ಅವರ ಧ್ವನಿಯೇ ಬದಲಾಯಿತು. "ತಡ ಮಾಡಬಾರದು. ನಾಳೆಯೇ ಮಂಗಳೂರಿಗೆ ಕರ್ಕೊಂಡು ಹೋಗ್ಲಿಕ್ಕೆ ಹೇಳು" ಎಂದರು.

ನಾನು ಬಂದು ಯಜಮಾನರಿಗೆ ಹೇಳಿದೆ. "ನಾಳೆಯೇ ಮಂಗಳೂರಿಗೆ ಹೋಗಬೇಕು. ಬಸ್ಸಿನಲ್ಲಿ ಕಷ್ಟವಾದರೆ ಕಾರು ಮಾಡಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಾರಲ್ಲಿ ಹೇಗೆ ಹಿಡಿಯುದು ಮಾರಾಯ್ರೆ? ಬಾಲ ಎಲ್ಲಿ ಇಡುದು?"

ಕೊಯಿಲದಲ್ಲಿ ಸರ್ಕಾರದ ಜಾನುವಾರು ಫಾರ್ಮ್ ಇದೆ. ಬ್ಯಾಗು ಹಾಕಿಕೊಂಡು ಬಂದವನು ದನದ ಡಾಕ್ಟ್ರು ಎಂದು ಅವರೂ, ಗೌರಿ ಎಂದರೆ ಹುಡುಗಿ ಎಂದು ನಾನೂ ತಿಳಿದಿದ್ದೆವು. ಎದ್ದು ನಿಲ್ಲುವಾಗ ಅವರು ಕಂಬ ಹಿಡಿದದ್ದು ಆಗ ಕಾಣಿಸಿತು. ಎರಡೂ ಮೊಣಗಂಟು ಊದಿತ್ತು.

"ನಿಮ್ಮ ಕಾಲಿಗೆ ಮದ್ದು ಮಾಡಲಿಲ್ಲವಾ?"

"ನಂದು ಬಿಡಿ" ಎಂದರು. "ನಾನು ಹಾಲು ಕೊಡುದಿಲ್ಲವಲ್ಲ."

ಗಟ್ಟಿಮುಟ್ಟಾದ ಊರು

ಈ ಊರಿನ ಹೆಸರು ಬೇಡ. ಕಡಬದಿಂದ ಹೆಚ್ಚು ದೂರವಿಲ್ಲ.

ಮೊದಲ ಮನೆಯಲ್ಲಿ ಅಜ್ಜಿಯೊಬ್ಬರು ಗೋಡೆ ಹಿಡಿದು, ಅಡ್ಡಡ್ಡವಾಗಿ ಮೆಟ್ಟಿಲಿಳಿಯುತ್ತಿದ್ದರು. ನಾನು ಪ್ರಶ್ನೆ ಶುರು ಮಾಡಿದ ಕೂಡಲೇ ಸೊಸೆ ಅವರನ್ನು ಒಳಗೆ ಕಳಿಸಿದರು.

"ಗಂಟುನೋವಾ? ನಮ್ಮ ಕುಟುಂಬದಲ್ಲಿಯೇ ಇಲ್ಲ."

"ಅಜ್ಜಿಗೆ?"

"ಅವರು ನಡೆಯುದೇ ಹಾಗೆ. ಸಣ್ಣದರಿಂದ ಅಭ್ಯಾಸ."

ಬೀಪಿ? ಇಲ್ಲ. ಕಾಲಿನಲ್ಲಿ ನರ ಉಬ್ಬುವುದು? ಇಲ್ಲ. ಯಾರಾದರೂ ದಿನಾ ಮಾತ್ರೆ ತೆಗೆದುಕೊಳ್ಳುತ್ತಾರಾ? ಮಾತ್ರೆಯ ಬಣ್ಣ ಹೇಗಿರುತ್ತದೆ ಎಂದೇ ಆ ಮನೆಯವರಿಗೆ ಗೊತ್ತಿರಲಿಲ್ಲ.

ಪಕ್ಕದ ಮನೆಗೆ ಹೋದೆವು. ಅಲ್ಲಿನ ಹೆಂಗಸು ನಾವು ಕೂರುವ ಮೊದಲೇ ಶುರು ಮಾಡಿದರು. "ಆ ಮನೆಯವರದ್ದಾ? ಒಂದು ಮಾತು ಹೇಳ್ಲಿಕ್ಕಿಲ್ಲ. ಬೀಪಿ ಇಲ್ಲ, ಶುಗರ್ ಇಲ್ಲ. ಅಜ್ಜಿ ಈಗಲೂ ಹಲಸಿನ ಮರ ಹತ್ತುದು."

"ನಾನು ನಿಮ್ಮ ಮನೆಯದ್ದು ಕೇಳಿದ್ದು."

"ನಮ್ಮದು ಎಂತಕ್ಕೆ? ನಮ್ಮಲ್ಲಿ ಹುಡುಗಿ ಇಲ್ಲವಲ್ಲ."

ನನಗೆ ಅರ್ಥವಾಗಲಿಲ್ಲ. ನರ್ಸಕ್ಕನಿಗೆ ಆಯಿತು. ಹಣೆಗೆ ಕೈ ಹಚ್ಚಿಕೊಂಡರು.

ನಮ್ಮ ಕಡೆ ಸಂಬಂಧ ಕೂಡಿಸುವ ಮೊದಲು ಹುಡುಗನ ಕಡೆಯವರು ಸುಮ್ಮನೆ ಯಾರನ್ನಾದರೂ ಕಳಿಸಿ ನೆರೆಕರೆಯಲ್ಲಿ ವಿಚಾರಿಸುವುದುಂಟು. ಮನೆತನದಲ್ಲಿ ಕಾಯಿಲೆ ಉಂಟಾ ಎಂಬುದೇ ಮುಖ್ಯ ಪ್ರಶ್ನೆ. ಮೊದಲ ಮನೆಯ ಹುಡುಗಿಗೆ ಆ ವಾರ ಒಂದು ಸಂಬಂಧ ಬಂದಿತ್ತಂತೆ. ಬ್ಯಾಗು ಹಾಕಿಕೊಂಡು ಇಬ್ಬರು ಬಂದು ಕಾಯಿಲೆಯನ್ನೇ ಕೇಳಿದರೆ ಇನ್ನೇನು?

ನರ್ಸಕ್ಕ ಮೂರು ಭಾಷೆಯಲ್ಲಿ ವಿವರಿಸಿದರು. ಆ ಹೆಂಗಸು ಕಣ್ಣು ಮಿಟುಕಿಸಿ, "ಗೊತ್ತಾಯ್ತು, ಗೊತ್ತಾಯ್ತು. ಎಲ್ಲರೂ ಸರ್ವೇ ಅಂತಲೇ ಹೇಳುದು" ಎಂದರು. ಸುದ್ದಿ ನಮಗಿಂತ ಮುಂದೆ ಹೋಯಿತು. ಉಳಿದ ಮನೆಗಳಲ್ಲೂ ಹುಡುಗಿಗೆ ತೊಂದರೆಯಾಗಬಾರದೆಂದು ಎಲ್ಲರೂ ಆರೋಗ್ಯವಾಗಿದ್ದರು. ಕೊನೆಯ ಮನೆಯ ಅಜ್ಜ ಮಾತ್ರ ನನ್ನನ್ನು ಬಹಳ ಹೊತ್ತು ನೋಡಿದರು. ಕೊನೆಗೆ ನರ್ಸಕ್ಕನ ಕಿವಿಯ ಹತ್ತಿರ ಬಾಗಿ, ನನಗೂ ಕೇಳುವ ಹಾಗೆ ಕೇಳಿದರು:

"ಹುಡುಗ ಇವನೇ ಅಲ್ವಾ? ಅಡ್ಡಿಯಿಲ್ಲ. ಆದ್ರೆ ಇವನ ಬೀಪಿ ಒಮ್ಮೆ ನೋಡಿ."

ಆ ವರ್ಷದಿಂದ

ಪೆರಾಬೆಯಲ್ಲಿ ಉಲ್ಟಾ ಆಯಿತು. ಅಲ್ಲಿ ಎಲ್ಲರಿಗೂ ಇತ್ತು.

ಹಿಂದೊಮ್ಮೆ ನಮ್ಮ ಕಡೆ ಚಿಕುನ್‌ಗುನ್ಯ ಬಂದು ಊರಿಗೆ ಊರೇ ಮಲಗಿತ್ತು. ನಾನು ಆಗ ಸಣ್ಣವ. ಗೋಡೆ ಹಿಡಿಯದೆ ನಡೆಯುವವರು ಕಾಣುತ್ತಿರಲಿಲ್ಲ. ಅದು ಹೋಗಿ ಎಷ್ಟೋ ವರ್ಷವಾಯಿತು. ಆದರೆ ಪೆರಾಬೆಯವರು ಕಾಲವನ್ನು ಅಳೆಯುವುದು ಅದರಿಂದಲೇ.

"ಗಂಟುನೋವು ಯಾವಾಗ ಶುರುವಾಯಿತು?"

"ಚಿಕುನ್‌ಗುನ್ಯ ಬಂದಲ್ಲಿಂದ."

"ಬೀಪಿ?"

"ಅದೂ ಚಿಕುನ್‌ಗುನ್ಯ ಬಂದಲ್ಲಿಂದ."

"ಕನ್ನಡಕ?"

ಅದನ್ನು ನಾನು ಕೇಳಬಾರದಿತ್ತು, ಪಟ್ಟಿಯಲ್ಲಿ ಇಲ್ಲ. ಆದರೂ ಕೇಳಿದೆ. ಅದೂ ಅಲ್ಲಿಂದಲೇ.

ನನಗೆ ಬೇಕಾದದ್ದು ಈಗ ಗಂಟು ಊದುವವರು, ನೋವು ಬಿಡದೆ ಇರುವವರು. ಅವರಿಗೆ ಬೇಕಾದದ್ದು ಅಂದಿನ ಕಥೆ. ಯಾರು ಯಾರನ್ನು ಎತ್ತಿಕೊಂಡು ಬಚ್ಚಲಿಗೆ ಹೋದರು, ಯಾರ ಮನೆಯಲ್ಲಿ ಒಲೆ ಹಚ್ಚಲು ಜನ ಇರಲಿಲ್ಲ. ಪ್ರತಿ ಮನೆಯಲ್ಲೂ ಗಂಟೆಗಟ್ಟಲೆ ಆಯಿತು. ಕೊನೆಗೆ ಒಂದು ಮನೆಯಲ್ಲಿ ಮೈಸೂರಿನ ಕಡೆಯಿಂದ ಮದುವೆಯಾಗಿ ಬಂದ ಸೊಸೆ ಸಿಕ್ಕಿದರು. ಆ ವರ್ಷ ಅವರು ಈ ಜಿಲ್ಲೆಯಲ್ಲೇ ಇರಲಿಲ್ಲ. ನನಗೆ ಸಮಾಧಾನವಾಯಿತು.

"ನಿಮಗೆ ಚಿಕುನ್‌ಗುನ್ಯ ಬಂದಿರಲಿಲ್ಲ ಅಲ್ಲವಾ?"

"ಇಲ್ಲ."

"ಹಾಗಾದರೆ ಗಂಟುನೋವು ಇಲ್ಲ?"

"ಉಂಟು" ಎಂದರು. "ಅತ್ತೆಗೆ ಬಂದಿತ್ತಲ್ಲ. ಅವರ ಕೆಲಸ ಎಲ್ಲ ನಾನೇ ಮಾಡುದು."

ನಿಂತರೆ ಕಡಿಮೆಯಾಗುತ್ತದೆಯೇ?

ಕಾಲಿನ ರಕ್ತನಾಳ ಕಿರಿದಾದರೆ ನಡೆಯುವಾಗ ಮೀನಖಂಡ ನೋಯುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಅದಕ್ಕೆಂದೇ ಒಂದು ಪ್ರಶ್ನೆ ಇತ್ತು. ಪುತ್ತೂರು ಪೇಟೆಯಲ್ಲಿ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಒಬ್ಬ ಹಿರಿಯರನ್ನು ಕೇಳಿದೆ.

"ನಡೆಯುವಾಗ ನಡುವೆ ನಿಲ್ಲಬೇಕಾಗುತ್ತದಾ?"

"ಆಗ್ತದೆ. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವಾಗ ಹತ್ತು ಕಡೆ ನಿಲ್ತೇನೆ."

ನಾನು ನೇರ ಕೂತೆ. "ನಿಂತರೆ ನೋವು ಕಡಿಮೆಯಾಗುತ್ತದಾ?"

ಅವರು ಪ್ರಾಮಾಣಿಕವಾಗಿ ಯೋಚಿಸಿದರು.

"ಅದು ಯಾರು ಸಿಕ್ಕಿದ್ರು ಅಂತ ನೋಡ್ಬೇಕು. ನಮ್ಮ ಹಳೇ ಮಾಸ್ಟ್ರು ಸಿಕ್ಕಿದ್ರೆ ನೋವು ಜಾಸ್ತಿಯಾಗ್ತದೆ."

ಐದು ನಿಮಿಷ ಮಾತಿಲ್ಲದೆ

ಬೀಪಿ ನೋಡುವ ಕ್ರಮವಿದೆ. ಐದು ನಿಮಿಷ ಮಾತಾಡದೆ ಕೂತಿರಬೇಕು. ಅದಕ್ಕೆ ಮೊದಲು ಅರ್ಧ ಗಂಟೆ ಕಾಫಿ ಕುಡಿದಿರಬಾರದು. ಕ್ರಮ ತಪ್ಪಿದರೆ ಲೆಕ್ಕ ತಪ್ಪುತ್ತದೆ.

ಅಜ್ಜಾವರದಲ್ಲಿ ಅರೆಭಾಷೆ ಮಾತಾಡುವ ಒಂದು ಮನೆ. ಮನೆಯ ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿ, ನರ್ಸಕ್ಕ ಕೈಗೆ ಬೀಪಿಯ ಪಟ್ಟಿ ಕಟ್ಟಿದರು. ನಾನು, "ಇನ್ನು ಐದು ನಿಮಿಷ ಸುಮ್ಮನಿರಿ" ಎಂದೆ.

ಒಂದು ನಿಮಿಷ ಇದ್ದರು. ಆಮೇಲೆ, "ಬಾಯಾರಿಕೆಗೆ ಎಂತ ಕೊಡ್ಲಿ?" ಎಂದರು.

"ಏನೂ ಬೇಡ ಅತ್ತೆ. ಮಾತಾಡಬಾರದು."

ಮತ್ತೆ ಅರ್ಧ ನಿಮಿಷ. "ಬಿಸಿಲಲ್ಲಿ ಬಂದಿದ್ದೀರಿ. ಬೆಲ್ಲ ನೀರಾದ್ರೂ?" ಕೈಗೆ ಕಟ್ಟಿದ ಪಟ್ಟಿಯೊಂದಿಗೆ ಎದ್ದು ಅಡುಗೆ ಮನೆಗೆ ಹೋದರು. ಬೆಲ್ಲ, ನೀರು ಬಂತು. ಬೀಪಿ ನೋಡಿದೆವು, ಬಹಳ ಹೆಚ್ಚು. ಓಡಾಡಿ ಬಂದದ್ದರಿಂದ ಹೀಗೆ ಎಂದು ಮತ್ತೆ ಕೂರಿಸಿದೆ.

"ನೀವು ಎಂತದೂ ಕುಡಿಯದೆ ಎದುರು ಕೂತ್ರೆ ನನಗೆ ಎದೆ ಡಬಡಬ ಅಂತದೆ" ಎಂದರು.

ನರ್ಸಕ್ಕ ನನ್ನನ್ನು ನೋಡಿ, "ಕುಡಿದು ಬಿಡು ಮಾರಾಯ. ಅವರ ಬೀಪಿ ಇಳಿಯುದಿದ್ರೆ ಅದರಿಂದಲೇ" ಎಂದರು. ಕಾಫಿ ಆಗಲಿ ಎಂದೆವು. ಅವರಿಗೆ ಖುಷಿಯಾಯಿತು. ಕಾಫಿ ತಂದರು. ನಾವಿಬ್ಬರೇ ಕುಡಿಯುವುದು ಚೆನ್ನಾಗಿರುವುದಿಲ್ಲ ಎಂದು ತಾವೂ ಒಂದು ಲೋಟ ತೆಗೆದುಕೊಂಡರು.

ಇನ್ನು ಅರ್ಧ ಗಂಟೆ ಕಾಯಬೇಕು. ಅರ್ಧ ಗಂಟೆ ಕಾದ ನೆಂಟರಿಗೆ ಊಟ ಹಾಕದೆ ಕಳಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಊಟವಾದ ಮೇಲೆ ಕಾಫಿ. ಕೊನೆಗೆ ಹೊರಡುವಾಗ ನಾವು ಚಪ್ಪಲಿ ಹಾಕುತ್ತಿದ್ದ ಹೊತ್ತಿನಲ್ಲಿ, ನಾವು ಹೋಗುತ್ತೇವೆಂದು ಅವರು ಕುರ್ಚಿಯಲ್ಲಿ ಆರಾಮಾಗಿ ಕೂತರು. ಆಗ ಅಳೆದೆವು. ಪೂರ್ತಿ ಸರಿಯಾಗಿತ್ತು.

ಯಾವುದನ್ನು ಬರೆಯುದು?

ಸುಳ್ಯದ ಹತ್ತಿರ ಒಂದು ಬ್ಯಾರಿ ಮನೆ. ಮಗ ಗಲ್ಫಿನಲ್ಲಿ. ಅವನ ತಾಯಿ, ಮನೆಯವರಿಗೆಲ್ಲ ಉಮ್ಮ, ದಿವಾನದ ಮೇಲೆ ಕಾಲು ಚಾಚಿ ಕೂತಿದ್ದರು. ಪ್ರಶ್ನೆ ಕೇಳುವಷ್ಟರಲ್ಲಿ ಮಗನ ವೀಡಿಯೊ ಕರೆ ಬಂತು. ಉಮ್ಮ ತಟ್ಟನೆ ಕಾಲು ಮಡಚಿ ನೇರ ಕೂತರು. ಕಾಲು ಮಡಚುವಾಗ ಮುಖ ಕಿವುಚಿದ್ದನ್ನು ನಾನು ನೋಡಿದೆ, ಫೋನು ನೋಡಲಿಲ್ಲ.

"ಮೊಣಗಂಟು ಹೇಗುಂಟು ಉಮ್ಮ?" ಎಂದು ಮಗ ಬ್ಯಾರಿಯಲ್ಲಿ ಕೇಳಿದ. ನರ್ಸಕ್ಕ ನನಗೆ ಮೆಲ್ಲನೆ ಹೇಳುತ್ತಿದ್ದರು.

"ಎಂತದೂ ಇಲ್ಲ ಮಗನೇ. ಓಡಾಡ್ತಾ ಇದ್ದೇನೆ."

ಕರೆ ಮುಗಿಯಿತು. ಕಾಲು ಮತ್ತೆ ಚಾಚಿದರು. ಅಡುಗೆ ಮನೆಯಿಂದ ಸೊಸೆ, "ಉಮ್ಮ, ಮೀನು ಬಂದದೆ. ಕೊಯ್ದು ಕೊಡ್ತೀರಾ?" ಎಂದು ಕೇಳಿದರು.

"ಅಲ್ಲಾಹ್! ಈ ಕಾಲಿನಲ್ಲಿ ನೆಲದಲ್ಲಿ ಕೂರುದು ಹೇಗೆ? ಅಲುಗಾಡ್ಸಲಿಕ್ಕೆ ಆಗುದಿಲ್ಲ."

ಸೊಸೆ ನಕ್ಕು ಒಳಗೆ ಹೋದರು. ಅಷ್ಟರಲ್ಲಿ ಪಕ್ಕದ ಮನೆಯವರು ಬಂದು, ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋಗುವ ತಂಡದಲ್ಲಿ ನಡೆಯಲು ಆಗುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರಂತೆ, ನಿಮಗೆ ಆಗುತ್ತದಾ ಎಂದು ಕೇಳಿದರು. ಉಮ್ಮ ದಿವಾನದಿಂದ ಇಳಿದು, ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದರು.

ನನ್ನ ಕೈಯಲ್ಲಿ ಪೆನ್ನು ಹಾಗೇ ಇತ್ತು. ಉಮ್ಮ ಏದುಸಿರು ಬಿಡುತ್ತಾ ಕೂತು, ನನ್ನ ಸ್ಥಿತಿ ನೋಡಿ ಕನಿಕರಪಟ್ಟರು.

"ಮೂರರಲ್ಲಿ ನಿನಗೆ ಯಾವುದು ಬೇಕು ಮಗನೇ? ಅದನ್ನು ಬರಿ."

ಮಾಳಿಗೆಯ ಶಿಬಿರ

ಲೆಕ್ಕ ಮುಗಿಯಿತು. ಒಂದು ಊರಿನಲ್ಲಿ ಯಾರಿಗೂ ಇಲ್ಲ, ಇನ್ನೊಂದರಲ್ಲಿ ಎಲ್ಲರಿಗೂ ಇದೆ. ತಜ್ಞರನ್ನು ಕಳಿಸುವುದೋ ಬೇಡವೋ ಎಂದು ತೀರ್ಮಾನಿಸಬೇಕಾದ ಅಧಿಕಾರಿ ಅದನ್ನು ನೋಡಿ ಮೇಜಿನ ಆಚೆಯಿಂದ ನಕ್ಕರು.

"ಇದನ್ನು ನಾನು ಹೇಗೆ ನಂಬುದು? ಒಂದು ಶಿಬಿರ ಮಾಡಿ. ತಜ್ಞರು ಬರಲಿ, ನಾನೂ ಬರ್ತೇನೆ. ತಜ್ಞರು ನೋಡಿ ಹೌದು ಅಂದ ಐವತ್ತು ಗಂಟುನೋವಿನವರು ನನ್ನ ಕಣ್ಣೆದುರು ಇರ್ಬೇಕು. ಇದ್ರೆ ವಾರಕ್ಕೊಮ್ಮೆ ಕಡಬಕ್ಕೆ ಕಳಿಸ್ತೇನೆ. ಇಲ್ಲದಿದ್ರೆ ಮಂಗಳೂರಿಗೇ ಬರ್ಲಿ."

ನರ್ಸಕ್ಕ ಆ ದಿನ ವಾಪಸು ಬರುವಾಗಲೇ ಊರುಗಳ ಪಟ್ಟಿ ಮಾಡಿದರು. ಮರುದಿನದಿಂದ ಊರೂರಿಗೆ ಹೋಗಿ ಜನರನ್ನು ಕರೆದರು. ಕಡಬದ ಒಂದು ಸಭಾಭವನದವರು ಮಾಳಿಗೆಯ ಹಾಲ್ ಕೊಟ್ಟರು. "ಮೇಲೆ ಗಾಳಿ ಒಳ್ಳೆದುಂಟು" ಎಂದರು. ನರ್ಸಕ್ಕ ಊರೂರು ಸುತ್ತುತ್ತಿದ್ದರು; ಡಾಕ್ಟ್ರು ಒಪ್ಪಿದರು, ನಾನು ಒಪ್ಪಿದೆ. ಗಾಳಿ ನಿಜವಾಗಿಯೂ ಒಳ್ಳೆಯದಿತ್ತು.

ಶಿಬಿರದ ದಿನ ನರ್ಸಕ್ಕ ಅಮ್ಮನನ್ನು ಕರೆತರಲು ರಿಕ್ಷಾದಲ್ಲಿ ಹೋಗಿದ್ದರು. ಮೇಲೆ ಕುರ್ಚಿಗಳ ಸಾಲು, ತಜ್ಞರು, ಡಾಕ್ಟ್ರು, ನಾನು. ಬಂದವರು ಕೆಲವೇ ಜನ: ಒಬ್ಬ ಪಂಚಾಯತ್ ಸದಸ್ಯರು, ಇಬ್ಬರು ಕಾಲೇಜು ಹುಡುಗಿಯರು, ಪುಕ್ಕಟೆ ಬೀಪಿ ನೋಡುತ್ತಾರೆಂದು ಹತ್ತಿ ಬಂದ ಬಸ್ ಕಂಡಕ್ಟರು. ತಜ್ಞರು ಎಲ್ಲರನ್ನೂ ನೋಡಿ, "ಇವರಲ್ಲಿ ಒಬ್ಬರಿಗೂ ಗಂಟುನೋವು ಇಲ್ಲ" ಎಂದರು.

ಗಂಟೆ ಹನ್ನೊಂದಾಯಿತು. ಅಧಿಕಾರಿಯೂ ಇಲ್ಲ. ಡಾಕ್ಟ್ರು ಫೋನು ಮಾಡಿದರೆ, "ಬಂದಿದ್ದೇನೆ, ಬಂದಿದ್ದೇನೆ" ಎಂದು ಇಟ್ಟರು. ಕಿಟಕಿಯಿಂದ ನೋಡಿದರೆ ಜೀಪು ಕೆಳಗೇ ನಿಂತಿತ್ತು. ಎಲ್ಲಿಂದಲೋ ಜೋರು ನಗು ಕೇಳುತ್ತಿತ್ತು. ಏನಾಗುತ್ತಿದೆ ಎಂದು ತಿಳಿಯದೆ ಡಾಕ್ಟ್ರು ನನ್ನನ್ನು ಕೆಳಗೆ ಕಳಿಸಿದರು.

ಮೆಟ್ಟಿಲ ಬುಡದಲ್ಲಿ ಊರೇ ಕೂತಿತ್ತು. ಪೋರ್ಟಿಕೋದಲ್ಲಿ, ಕಟ್ಟೆಯಲ್ಲಿ, ಎದುರಿನ ಹೋಟೆಲಿನ ಬೆಂಚುಗಳಲ್ಲಿ. ಕೋಲು ಹಿಡಿದವರು, ಮೊಣಗಂಟಿಗೆ ಎಣ್ಣೆಬಟ್ಟೆ ಕಟ್ಟಿದವರು. ಮನೆಯಲ್ಲಿ ಕೇಳಿದಾಗ ಇಲ್ಲ ಎಂದಿದ್ದವರೂ ಇದ್ದರು. ಮೊದಲ ಮೆಟ್ಟಿಲಲ್ಲಿ ನರ್ಸಕ್ಕನ ಅಮ್ಮ, ಮಡಚದ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡು.

ನರ್ಸಕ್ಕ ನನ್ನನ್ನು ಕಂಡದ್ದೇ ತಡ, "ಗಂಟುನೋವಿನವರನ್ನು ಮಾಳಿಗೆಗೆ ಹತ್ತಿಸುವ ಬುದ್ಧಿ ಯಾರದ್ದು ಮಾರಾಯ? ಎರಡು ಡಾಕ್ಟ್ರು, ಒಬ್ಬ ಬಿ.ಎಸ್ಸಿ.! ಮೂರು ತಲೆಯಲ್ಲಿ ಒಂದಕ್ಕೂ ಹೊಳೀಲಿಲ್ವಾ?" ಎಂದರು. ನಗು ಇದಕ್ಕೇ ಆಗಿತ್ತು.

ಅಮ್ಮನ ಪಕ್ಕದಲ್ಲಿ, ಒಂದು ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ, ಅಧಿಕಾರಿ ಚಹಾ ಕುಡಿಯುತ್ತಿದ್ದರು.

"ಸರ್, ಮೇಲೆ ಕಾಯುತ್ತಿದ್ದಾರೆ."

"ಕಾಯ್ಲಿ. ನಾನು ಬಂದು ಆಗಲೇ ತುಂಬಾ ಹೊತ್ತಾಯ್ತು. ಮೆಟ್ಟಿಲು ನೋಡಿದೆ, ಕೂತೆ."

"ನಿಮಗೂ..."

ಅವರು ಧ್ವನಿ ತಗ್ಗಿಸಿದರು. "ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಲಿಫ್ಟ್ ಉಂಟು."

ನಾನು ಮೇಲೆ ಹೋಗಿ ಹೇಳಿದ ಮೇಲೆ ತಜ್ಞರು ಮೇಜು ಎತ್ತಿಕೊಂಡು ಕೆಳಗೆ ಬಂದರು. ಮಧ್ಯಾಹ್ನ ಊಟದ ಹೊತ್ತು ಮೀರುವವರೆಗೂ ಒಬ್ಬೊಬ್ಬರನ್ನೇ ನೋಡಿದರು. ಯಾರನ್ನೂ ವಾಪಸು ಕಳಿಸಬೇಕಾಗಲಿಲ್ಲ. "ಪರೀಕ್ಷೆಯನ್ನು ಮೆಟ್ಟಿಲೇ ಮಾಡಿ ಮುಗಿಸಿದೆ" ಎಂದರು. ಕೊನೆಗೆ ನರ್ಸಕ್ಕನ ಅಮ್ಮನನ್ನು ನೋಡಿದರು. ಇನ್ನು ಯಾರೂ ಉಳಿದಿರಲಿಲ್ಲ. ನಾನು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

"ಎಷ್ಟಾಯ್ತು?" ಎಂದು ಅಧಿಕಾರಿ ಕೇಳಿದರು.

"ನಲವತ್ತೊಂಬತ್ತು, ಸರ್."

ನರ್ಸಕ್ಕ ನನ್ನ ತೋಳು ಹಿಡಿದರು. "ನನ್ನನ್ನು ಸೇರಿಸು."

"ನಿಮಗೆ ಗಂಟುನೋವು ಇಲ್ಲ ಅಕ್ಕ."

"ಇವತ್ತಿನಿಂದ ಉಂಟು."

"ಇಲ್ಲ ಅಕ್ಕ."

ಅವರು ತೋಳು ಬಿಟ್ಟರು. ಅಮ್ಮನ ಕಡೆ ತಿರುಗಿ, ಸೆರಗು ಸರಿ ಮಾಡಿದರು. ಅಧಿಕಾರಿ ಆ ಅಮ್ಮನ ಬೆರಳು ನೋಡಿದರು, ಮೆಟ್ಟಿಲು ನೋಡಿದರು, ಕುರ್ಚಿಯ ಮೇಲಿದ್ದ ತಮ್ಮ ಕಾಲು ನೋಡಿದರು. ಆಮೇಲೆ ಜೀಪಿನಲ್ಲಿ ಬಂದಿದ್ದ ತಮ್ಮ ಸಿಬ್ಬಂದಿಯೆಲ್ಲ ನೋಡುತ್ತಿದ್ದಂತೆ ಪ್ಯಾಂಟನ್ನು ಮೊಣಗಂಟಿನ ಮೇಲಕ್ಕೆ ಮಡಚಿದರು.

"ಡಾಕ್ಟ್ರೇ, ಇದೊಂದು ನೋಡಿ."

ತಜ್ಞರು ಕಾಲು ಬಗ್ಗಿಸಿದರು. ಕಟಕಟ ಸದ್ದು ಹಿಂದಿನ ಬೆಂಚಿನವರಿಗೂ ಕೇಳಿಸಿತು.

"ಚೆನ್ನಾಗಿ ಸವೆದಿದೆ" ಎಂದರು ತಜ್ಞರು.

"ಬರಿ" ಎಂದು ಅಧಿಕಾರಿ ನನಗೆ ಹೇಳಿದರು.

ಬರೆದೆ. ಒಟ್ಟು ಐವತ್ತು.